ಮೂರೂಕಾಲು ಗುಂಟೆ ಎಲ್ಲಿ ಹೋಯಿತು?

ಪಹಣಿಯಲ್ಲಿ ಜಮೀನು 1-20 ಎಂದಿದೆ. ಮೂವರು ಅಣ್ಣತಮ್ಮಂದಿರು ಸಮವಾಗಿ ಭಾಗ ಮಾಡಿಕೊಳ್ಳಬೇಕು. ತಲೆಗೆ ಎಷ್ಟು?

ಮೊಬೈಲಿನಲ್ಲಿ 1.20 ಒತ್ತಿ ಮೂರರಿಂದ ಭಾಗಿಸಿದರೆ 0.4 ಎಕರೆ, ಅಂದರೆ 16 ಗುಂಟೆ ಬರುತ್ತದೆ. ಅರಕಲಗೂಡು ತಾಲ್ಲೂಕಿನ ಮಲ್ಲಿಪಟ್ಟಣದ ಕಡೆ ಬೇಸಾಯ ಮಾಡಿದ ಹಿರಿಯರು ಈ ಉತ್ತರವನ್ನು ಒಪ್ಪಲಾರರು. ಅದು ಒಂದು ಎಕರೆ ಇಪ್ಪತ್ತು ಗುಂಟೆ. ಎಕರೆಗೆ 40 ಗುಂಟೆಯಂತೆ ಒಟ್ಟು 60. ತಲೆಗೆ 20 ಗುಂಟೆ, ಅಂದರೆ ಅರ್ಧ ಎಕರೆ. ಗೆರೆಯನ್ನು ದಶಮಾಂಶದ ಚುಕ್ಕೆ ಎಂದುಕೊಂಡಿದ್ದಕ್ಕೆ ಒಬ್ಬೊಬ್ಬರಿಗೂ ನಾಲ್ಕು ಗುಂಟೆ ಕಡಿಮೆಯಾಯಿತು.

ಹೊಲ ಸೊಟ್ಟಗಿದ್ದರೆ ಲೆಕ್ಕ ಇನ್ನೂ ಬಿಗಿಯಾಗುತ್ತದೆ. 33 ಅಡಿ ಉದ್ದ, 33 ಅಡಿ ಅಗಲದ ಚೌಕವೇ ಒಂದು ಗುಂಟೆ: 1,089 ಚದರಡಿ. ಹಾಗಾಗಿ 33 ಅಡಿಯನ್ನು ಒಂದು ಅಳತೆ ಎಂದಿಟ್ಟುಕೊಂಡರೆ ಗುಣಿಸಿದ ಕೂಡಲೇ ಗುಂಟೆ ಸಿಗುತ್ತದೆ. ಈಗ ಒಂದು ಹೊಲ ನೋಡಿ. ರಸ್ತೆಯ ಬದಿ 8 ಅಳತೆ, ಅದಕ್ಕೆ ಸಮಾನಾಂತರವಾದ ಹಿಂಬದಿ 5, ನೆಟ್ಟಗಿರುವ ಎಡಬದಿ 4, ಓರೆಯಾದ ಬಲಬದಿ 5.

ಊರಿನಲ್ಲಿ ಸಾಮಾನ್ಯವಾಗಿ ಎದುರುಬದುರು ಬದಿಗಳ ಸರಾಸರಿ ಹಿಡಿದು ಗುಣಿಸುತ್ತಾರೆ: ಆರೂವರೆ, ನಾಲ್ಕೂವರೆ. 29.25 ಗುಂಟೆ. ನಿಜವಾದ ವಿಸ್ತೀರ್ಣ ಆರೂವರೆಯನ್ನು ನಾಲ್ಕರಿಂದ ಗುಣಿಸಿದಷ್ಟು ಮಾತ್ರ, 26 ಗುಂಟೆ. ಕೊಳ್ಳುವವರು ಇಲ್ಲದ ಮೂರೂಕಾಲು ಗುಂಟೆಗೂ ದುಡ್ಡು ಕೊಡಬೇಕಾಗುತ್ತದೆ. ದೊಡ್ಡ ಅನ್ಯಾಯವಿದು, ಅದೂ ಯಾರೂ ಮೋಸ ಮಾಡದೆ ಆಗುವಂಥದ್ದು.

ಓರೆಯಾದ ಬದು ನೇರ ಅಗಲಕ್ಕಿಂತ ಯಾವಾಗಲೂ ಉದ್ದ. ಅದನ್ನೇ ಅಗಲವೆಂದು ಸೇರಿಸಿದ್ದರಿಂದ ವಿಸ್ತೀರ್ಣ ಊದಿಕೊಂಡಿತು. ನಾಲ್ಕು ಬದಿಯ ಯಾವ ಹೊಲಕ್ಕಾದರೂ ಸರಾಸರಿ ಲೆಕ್ಕ ≥ ನಿಜವಾದ ವಿಸ್ತೀರ್ಣ; ಎರಡೂ ಸಮನಾಗುವುದು ನಾಲ್ಕು ಮೂಲೆಯೂ ಮಟ್ಟಸವಾಗಿದ್ದಾಗ ಮಾತ್ರ. ಮಕ್ಕಳು ಬಾಯಿಪಾಠ ಮಾಡುವ ಅಸಮತೆಯ ಆ ಚಿಹ್ನೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಒಂಬತ್ತನೇ ಶತಮಾನದಲ್ಲಿ, ರಾಷ್ಟ್ರಕೂಟರ ಅಮೋಘವರ್ಷನ ಕಾಲದಲ್ಲಿ, ಮಹಾವೀರಾಚಾರ್ಯ ಸಂಸ್ಕೃತದಲ್ಲಿ ಬರೆದ ‘ಗಣಿತಸಾರಸಂಗ್ರಹ’ ಸರಾಸರಿಯ ಈ ಲೆಕ್ಕವನ್ನು ಹೇಳುತ್ತದೆ, ಆದರೆ ‘ವ್ಯಾವಹಾರಿಕ’ ಎಂದು ಬೇರೆಯಾಗಿಟ್ಟು. ನಿಖರವಾದದ್ದಕ್ಕೆ ಅಲ್ಲಿರುವ ಹೆಸರು ‘ಸೂಕ್ಷ್ಮ’.

ಸೂಕ್ಷ್ಮಕ್ಕೆ ದೊಡ್ಡ ಉಪಕರಣ ಬೇಡ, ಒಂದು ಹಗ್ಗ ಸಾಕು. ಮೂಲೆಯಿಂದ ಎದುರು ಮೂಲೆಗೆ ಅದನ್ನು ಎಳೆದರೆ ಹೊಲ ಎರಡು ತ್ರಿಕೋನವಾಗುತ್ತದೆ. ಪಾದವನ್ನು ಎತ್ತರದಿಂದ ಗುಣಿಸಿ ಅರ್ಧ ಮಾಡಬೇಕು. ಎಂಟರ ಪಾದದ್ದು 16 ಗುಂಟೆ, ಐದರದ್ದು 10.