ಚೌಪಾಟಿಯ ವಿಮಾನಕ್ಕೆ ಸಾಕ್ಷಿ ಎಲ್ಲಿ?

ಶಿವಮೊಗ್ಗದ ಸೋಗಾನೆಯಲ್ಲಿ 2023ರಲ್ಲಿ ವಿಮಾನ ನಿಲ್ದಾಣ ಆದಮೇಲೆ ಕಡೂರು, ತರೀಕೆರೆ, ಅಜ್ಜಂಪುರದ ಮಾತುಕತೆಯಲ್ಲಿ ವಿಮಾನದ ಪ್ರಸ್ತಾಪ ಹೆಚ್ಚಾಗಿದೆ. ಸಂತೋಷವೇ. ಆದರೆ ಮಾತು ಎಲ್ಲಿ ಶುರುವಾದರೂ ಕೊನೆಗೆ ಬಂದು ನಿಲ್ಲುವುದು ಒಂದೇ ಕಡೆ. ರೈಟ್ ಸಹೋದರರಿಗಿಂತ ಎಂಟು ವರ್ಷ ಮೊದಲೇ, 1895ರಲ್ಲಿ, ಶಿವಕರ ಬಾಪೂಜಿ ತಲ್ಪಡೆ ಮುಂಬಯಿಯ ಚೌಪಾಟಿಯಲ್ಲಿ ‘ಮರುತ್ಸಖಾ’ ಎಂಬ ವಿಮಾನವನ್ನು 1,500 ಅಡಿ ಎತ್ತರಕ್ಕೆ ಹಾರಿಸಿದರಂತೆ, ಅದಕ್ಕೆ ಆಧಾರ ಭರದ್ವಾಜ ಮಹರ್ಷಿಗಳ ‘ವೈಮಾನಿಕ ಶಾಸ್ತ್ರ’ವಂತೆ, ಇಂಧನ ಪಾದರಸವಂತೆ. ಮದುವೆ ಛತ್ರದಲ್ಲೂ ಇದೇ, ಶಾಲಾ ವಾರ್ಷಿಕೋತ್ಸವದ ಭಾಷಣದಲ್ಲೂ ಇದೇ. ಕೇಳಿ ಕೇಳಿ ಸಾಕಾಗಿದೆ.

‘ವೈಮಾನಿಕ ಶಾಸ್ತ್ರ’ ಎಲ್ಲಿಂದಲೋ ಸಿಕ್ಕ ಪುರಾತನ ತಾಳೆಗರಿಯಲ್ಲ. ಅದು ನಮ್ಮ ಆನೇಕಲ್ಲಿನ ಪಂಡಿತ ಸುಬ್ಬರಾಯ ಶಾಸ್ತ್ರಿಗಳು ಬಾಯಲ್ಲಿ ಹೇಳಿ ಬರೆಸಿದ್ದು. 1918ರ ಸುಮಾರಿಗೆ ಶುರುವಾದ ಬರವಣಿಗೆ 1923ರ ಹೊತ್ತಿಗೆ ಮುಗಿಯಿತು. ಚಿತ್ರಗಳನ್ನು ಬರೆದುಕೊಟ್ಟವರು ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜಿನ ಎಲ್ಲಪ್ಪ. 1895ರಲ್ಲಿ ಇಲ್ಲದೇ ಇದ್ದ ಪುಸ್ತಕ ನೋಡಿಕೊಂಡು ತಲ್ಪಡೆ ವಿಮಾನ ಕಟ್ಟಿದ್ದು ಹೇಗೆ? ಈ ಒಂದು ಪ್ರಶ್ನೆಯನ್ನಾದರೂ ಯಾರೂ ಕೇಳಬಾರದೇ?

ಮೈಸೂರಿನ ಜಿ.ಆರ್. ಜೋಸ್ಯರ್ 1973ರಲ್ಲಿ ಅದನ್ನು ಇಂಗ್ಲಿಷ್ ಅನುವಾದದೊಂದಿಗೆ ಅಚ್ಚು ಹಾಕಿಸಿದರು. ಮರುವರ್ಷವೇ ಭಾರತೀಯ ವಿಜ್ಞಾನ ಸಂಸ್ಥೆಯ ಐವರು, ಎಚ್.ಎಸ್. ಮುಕುಂದ, ಎಸ್.ಎಂ. ದೇಶಪಾಂಡೆ, ಎಚ್.ಆರ್. ನಾಗೇಂದ್ರ, ಎ. ಪ್ರಭು, ಎಸ್.ಪಿ. ಗೋವಿಂದರಾಜು, ಪುಸ್ತಕವನ್ನು ಶ್ಲೋಕದಿಂದ ನಕ್ಷೆಯವರೆಗೆ ಪರೀಕ್ಷಿಸಿದರು. ಸಂಪ್ರದಾಯ ಕಂಡರಾಗದವರ ಕೆಲಸ ಎನ್ನುವವರು ಗಮನಿಸಿ: ಈ ನಾಗೇಂದ್ರರೇ ಮುಂದೆ ವಿವೇಕಾನಂದ ಯೋಗ ವಿಶ್ವವಿದ್ಯಾಲಯ ಕಟ್ಟಿದವರು. ಆ ಐವರು ಕಂಡದ್ದಿಷ್ಟು. ಭಾಷೆ ವೇದಕಾಲದ್ದಲ್ಲ, ಸರಳವಾದ ಇತ್ತೀಚಿನ ಸಂಸ್ಕೃತ. ರಚನೆ 1904ಕ್ಕಿಂತ ಹಿಂದಿನದಲ್ಲ. ಶಕುನ, ಸುಂದರ, ರುಕ್ಮ, ತ್ರಿಪುರ ಎಂಬ ನಾಲ್ಕು ವಿಮಾನಗಳಲ್ಲಿ ಒಂದಕ್ಕೂ ಹಾರುವ ಗುಣವಿಲ್ಲ. ಅಲ್ಲಿ ಹೇಳಿದ ನೋದನ ವಿಧಾನ ಹಾರಾಟಕ್ಕೆ ನೆರವಾಗುವ ಬದಲು ಅಡ್ಡಿಯೇ ಆಗುತ್ತದೆ. ತಲ್ಪಡೆಯವರು ಶಾಸ್ತ್ರಿಗಳ ಮಾರ್ಗದರ್ಶನದಲ್ಲಿ ಮಾದರಿಗಳನ್ನು ಮಾಡಿದ್ದರು, ಒಂದೂ ಹಾರಲಿಲ್ಲ ಎಂಬುದೂ ಅದೇ ವರದಿಯಲ್ಲಿದೆ. ವರದಿ ಬರೆದವರು ಶಾಸ್ತ್ರಿಗಳನ್ನು ದೂಷಿಸಲಿಲ್ಲ. ತಪ್ಪು ಹೊರಿಸಿದ್ದು ಪುಸ್ತಕದ ಚರಿತ್ರೆ ಮರೆಮಾಡಿ ಪ್ರಕಟಿಸಿದವರ ಮೇಲೆ.

ಪಾದರಸದ ಮಾತಂತೂ ಹೈಸ್ಕೂಲು ವಿಜ್ಞಾನಕ್ಕೇ ನಿಲ್ಲುವುದಿಲ್ಲ. ಪಾದರಸ ಇಂಧನವಲ್ಲ. ಒಂದು ಕಿಲೋ ಪೆಟ್ರೋಲ್ ಉರಿದರೆ ಸುಮಾರು 44 ಮೆಗಾಜೂಲ್ ಶಕ್ತಿ ಹೊಮ್ಮುತ್ತದೆ. ಪಾದರಸ ಕುದಿಯಬೇಕಾದರೆ ನಾವೇ ಅದನ್ನು 357 ಡಿಗ್ರಿಗೆ ಕಾಯಿಸಬೇಕು. ಆ ಉರಿ ಎಲ್ಲಿಂದ? ಸಾಲದ್ದಕ್ಕೆ ಅದರ ಆವಿ ವಿಷ.

ಚೌಪಾಟಿಯ ಹಾರಾಟದ ಸುದ್ದಿ ‘ಕೇಸರಿ’ ಪತ್ರಿಕೆಯಲ್ಲಿ ಬಂದಿತ್ತು, ಸಯ್ಯಾಜಿರಾವ್ ಗಾಯಕವಾಡರೂ ನ್ಯಾಯಮೂರ್ತಿ ರಾನಡೆಯವರೂ ನೋಡಿದ್ದರು ಎನ್ನುತ್ತಾರೆ. ಸರಿ, ಸಂಚಿಕೆಯ ತಾರೀಖು ಕೇಳಿ. ಅಲ್ಲಿಗೆ ಮಾತು ನಿಂತುಹೋಗುತ್ತದೆ. 2015ರ ಹಿಂದಿ ಸಿನಿಮಾ ‘ಹವಾಯಿಜಾದಾ’ವನ್ನೇ ದಾಖಲೆಯಾಗಿ ತೋರಿಸಿದವರೂ ಇದ್ದಾರೆ. ಅದೇ ವರ್ಷ ಮುಂಬಯಿಯ ವಿಜ್ಞಾನ ಕಾಂಗ್ರೆಸ್ಸಿನ ವೇದಿಕೆಯಲ್ಲೂ ಪುರಾತನ ವಿಮಾನಗಳ ಪ್ರಬಂಧ ಮಂಡನೆಯಾಯಿತು. ಅಂಥ ಕಡೆಯೇ ಹೀಗಾದರೆ ಛತ್ರದ ಭಾಷಣಕಾರರಿಗೆ ಏನು ಹೇಳುವುದು?

ಇನ್ನೊಂದು ಮಾತು: ರೈಟ್ ಸಹೋದರರೇ ಮೊದಲು ಹಾರಿದ ಮನುಷ್ಯರು ಎಂಬುದೂ ತಪ್ಪು; ಬಿಸಿಗಾಳಿಯ ಬಲೂನಿನಲ್ಲಿ 1783ರಲ್ಲೇ ಜನ ಹಾರಿದ್ದರು, ಜರ್ಮನಿಯ ಒಟ್ಟೊ ಲಿಲಿಯೆಂಥಾಲ್ ಎಂಜಿನ್ನಿಲ್ಲದ ಗ್ಲೈಡರಿನಲ್ಲಿ ನೂರಾರು ಸಲ ಹಾರಿ 1896ರಲ್ಲಿ ಬಿದ್ದು ಸತ್ತರು. ರೈಟ್ ಸಹೋದರರು ಮಾಡಿದ್ದು ಎಂಜಿನ್ನಿರುವ ವಿಮಾನವನ್ನು ಹಿಡಿತದಲ್ಲಿಟ್ಟು ಹಾರಿಸುವ ಕೆಲಸ. ಅದಕ್ಕಾಗಿ 1901ರಲ್ಲಿ ಗಾಳಿ ಸುರಂಗ ಕಟ್ಟಿ ಸುಮಾರು 200 ಬಗೆಯ ರೆಕ್ಕೆಗಳನ್ನು ಅಳೆದು ನೋಡಿದರು. 1903ರ ಡಿಸೆಂಬರ್ 17ರಂದು ಮೊದಲ ಹಾರಾಟ 12 ಸೆಕೆಂಡು, ನಾಲ್ಕನೆಯದು 59 ಸೆಕೆಂಡು. ಫೋಟೋ ಇದೆ, ನೋಡಿದವರಿದ್ದರು.

ಹೆಮ್ಮೆಪಡಲು ನಮಗೇನೂ ಕೊರತೆಯಿಲ್ಲ. 1940ರಲ್ಲಿ ವಾಲಚಂದ್ ಹೀರಾಚಂದ್ ಮೈಸೂರು ಸರ್ಕಾರದ ಜೊತೆಗೂಡಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಹಾಕಿದರು. ಅಲ್ಲಿ ವಿ.ಎಂ. ಘಾಟಗೆ ವಿನ್ಯಾಸ ಮಾಡಿದ ಎಚ್‌ಟಿ-2 ತರಬೇತಿ ವಿಮಾನ 1951ರ ಆಗಸ್ಟ್‌ನಲ್ಲಿ ಹಾರಿತು. ವಾಯುಪಡೆಯ ಎಷ್ಟೋ ಪೈಲಟ್‌ಗಳು ಹಾರಲು ಕಲಿತದ್ದು ಅದರಲ್ಲೇ. ವಾರ್ಷಿಕೋತ್ಸವದ ವೇದಿಕೆಯಲ್ಲಿ ಘಾಟಗೆಯವರ ಹೆಸರು ಹೇಳಿದವರನ್ನು ನಾನಿನ್ನೂ ಕಂಡಿಲ್ಲ.