ಹುಬ್ಬಿನ ಕಪ್ಪು, ಲಿಂಬೆಯ ಬಿಸಿಲು

ಸಿಂದಗಿ ಸೀಮೆಯ ಮದುವೆ ಮನೆಯಲ್ಲಿ ಹಂದರದ ಕೆಲಸ ಮುಗಿದ ಸಂಜೆ ಪಡಸಾಲೆಯ ಮೂಲೆಯಲ್ಲಿ ಸುಮ್ಮನೆ ಕುಳಿತುಬಿಡಿ. ಒಳಗಿಂದ ಹೂರಣದ ಬೇಳೆ ಬೇಯುವ ವಾಸನೆ, ಹೊರಗೆ ಟ್ರ್ಯಾಕ್ಟರಿನಿಂದ ಕುರ್ಚಿ ಇಳಿಸುವ ಸದ್ದು, ನಡುವೆ ಬಳೆಗಳ ಗಲಗಲ. ಆಯಿ ಔಡಲೆಣ್ಣೆಯ ಹಣತೆ ಹಚ್ಚಿ, ಎರಡು ಇಟ್ಟಿಗೆಯ ಮೇಲೆ ಹಿತ್ತಾಳೆ ಪರಿಯಾಣ ಬೋರಲು ಹಾಕಿದ್ದಾಳೆ. ಉರಿಯ ತುದಿ ತಾಗಿಯೂ ತಾಗದ ಹಾಗೆ ನಿಂತಿದೆ; ಹಿತ್ತಾಳೆಯ ಹೊಳಪಿನ ಮೇಲೆ ಮಸಿ ಮೆಲ್ಲಗೆ ಮಖಮಲ್ಲಿನಂತೆ ದಪ್ಪಗಾಗುತ್ತದೆ. ಆರಿದ ಮೇಲೆ ಅದನ್ನು ಕೆರೆದು, ತುಪ್ಪದ ಹನಿ ಬಿಟ್ಟು, ಬೆರಳ ತುದಿಯಲ್ಲಿ ಅರೆದರೆ ಕಾಡಿಗೆ.

ಅತ್ತೆಯ ಹುಬ್ಬಲ್ಲಿ ಬಿಳಿ ಕೂದಲು ಇಣುಕಿವೆ. ಕೈಯಲ್ಲಿ ತಲೆಗೆ ಹಚ್ಚುವ ಬಣ್ಣದ ಪೊಟ್ಟಣ. “ಯವ್ವಾ, ತಲಿಗಿ ಕಲಸಿದ್ರಾಗs ಹುಬ್ಬಿಗೂ ಒಂದೀಟು ಒರಸ್ಕೊಂಡ್ರ ಆತಲ್ಲ?”

“ಬ್ಯಾಡ ಮಗಳ, ಕಣ್ಣಿನ ಮಗ್ಗಲಕ್ಕ ಐತಿ ಅದು.”

ಆಯಿ ಓದಿದವಳಲ್ಲ, ಆದರೆ ಆ ಪೊಟ್ಟಣದ ಸಣ್ಣಕ್ಷರ ಹೇಳುವುದೂ ಇದನ್ನೇ. ಕಡುಗಪ್ಪು ಬರಿಸುವ ಪಿಪಿಡಿ ರಾಸಾಯನಿಕ ಇರುವ ಬಣ್ಣವನ್ನು ಹುಬ್ಬಿಗಾಗಲಿ ರೆಪ್ಪೆಗಾಗಲಿ ಹಚ್ಚಬಾರದು, ಕಣ್ಣು ಹೋಗಬಹುದು ಎಂದು ಮುದ್ರಿಸಲೇಬೇಕೆಂಬುದು ನಮ್ಮ ದೇಶದ ನಿಯಮ. 1933ರ ಸುಮಾರಿಗೆ ಅಮೆರಿಕದಲ್ಲಿ ‘ಲ್ಯಾಶ್ ಲೂರ್’ ಎಂಬ ರೆಪ್ಪೆ ಬಣ್ಣದಿಂದ ಹೆಂಗಸೊಬ್ಬಳ ಎರಡೂ ಕಣ್ಣು ಹೋದವು. ಅಲ್ಲಿ 1938ರ ಕಾಯ್ದೆ ಬರಲು ಅಂಥ ಸಂಕಟಗಳೂ ಕಾರಣ. ‘ಕಪ್ಪು ಮೆಹಂದಿ’ ಎಂದು ಮಾರುವ ಪುಡಿಯಲ್ಲೂ ಎಷ್ಟೋ ಸಲ ಇದೇ ಪಿಪಿಡಿ ಇರುತ್ತದೆ. ಮದರಂಗಿ ಸೊಪ್ಪು ತಾನಾಗಿ ಕೊಡುವುದು ಕೆಂಪು, ಕಪ್ಪಲ್ಲ.

ಅತ್ತೆಗೆ ಬೇಕಾದದ್ದು ಮದುವೆಯ ಎರಡು ದಿನದ ಕಪ್ಪು ಅಷ್ಟೆ. ಅದಕ್ಕೆ ಆಯಿಯ ಬೆರಳ ತುದಿಯ ಕಾಡಿಗೆ ಸಾಕು. ಅದು ಬಹುಮಟ್ಟಿಗೆ ಇಂಗಾಲದ ಮಸಿ. ಸೀಸ ಬೆರೆತ ಸುರ್ಮಾದಷ್ಟು ಭಯ ಇದಕ್ಕಿಲ್ಲ. ಆದರೂ ಹುಬ್ಬಿನ ಗೆರೆಯಲ್ಲೇ ನಿಲ್ಲಬೇಕು, ಕಣ್ಣೊಳಗೆ ಎಳೆಯಬಾರದು. ಬಸವನ ಬಾಗೇವಾಡಿಯ ಬಳೆ ಅಂಗಡಿಯಲ್ಲಿ ಸಿಗುವ ಹುಬ್ಬಿನ ಪೆನ್ಸಿಲ್ಲೂ ಆದೀತು. ರಾತ್ರಿ ಕೊಬ್ಬರಿ ಎಣ್ಣೆ ಸವರಿ ಅರಿವೆಯಿಂದ ಒರೆಸಿದರೆ ಎರಡೂ ಹೋಗುತ್ತವೆ.

ಹುಡುಗಿಯರ ಆಸೆ ಬೇರೆ. ಕೂದಲಿಗೆ ಕಂದು ಹಾಕಿಸಿದವಳಿಗೆ ಹುಬ್ಬೂ ತಿಳಿಯಾಗಬೇಕು. ಇಂಡಿಯಿಂದ ಬಂದ ಸೋದರಿಯ ಚೀಲ ತುಂಬ ಲಿಂಬೆ, ಪಾನಕಕ್ಕೆಂದು ತಂದದ್ದು. ತೆಳು ಸಿಪ್ಪೆ, ಉಗುರು ತಾಗಿದರೆ ಸಾಕು ಮನೆಯೆಲ್ಲ ಘಮ. ಭೌಗೋಳಿಕ ಸೂಚಿಕೆ ಪಡೆದ ಆ ಹಣ್ಣಿನ ಬಗ್ಗೆ ಊರವರ ಹೆಮ್ಮೆ ನ್ಯಾಯವೇ. ಆದರೆ ರಸ ಹಚ್ಚಿಕೊಂಡು ಮಾಳಿಗೆಯ ಬಿಸಿಲಿಗೆ ಕೂತರೆ ಹುಬ್ಬು ಹೊಂಬಣ್ಣವಾಗುತ್ತದೆಂಬ ಮಾತು ನನ್ನನ್ನು ನಿಜಕ್ಕೂ ಹೆದರಿಸುತ್ತದೆ. ಲಿಂಬೆಯಲ್ಲಿ, ಅದರಲ್ಲೂ ಸಿಪ್ಪೆಯಲ್ಲಿ, ಫ್ಯೂರೊಕೌಮರಿನ್ ಎಂಬ ಅಂಶಗಳಿವೆ. ಬಿಸಿಲಿನ ನೇರಳಾತೀತ ಕಿರಣ ಬಿದ್ದರೆ ಅವು ಚರ್ಮ ಸುಡುತ್ತವೆ. ಒಂದೆರಡು ದಿನದಲ್ಲಿ ಕೆಂಪು, ಬೊಬ್ಬೆ, ಆಮೇಲೆ ತಿಂಗಳುಗಟ್ಟಲೆ ಉಳಿಯುವ ಕಪ್ಪು ಕಲೆ. ವಿಜಯಪುರ ಜಿಲ್ಲೆಯ ಬೇಸಿಗೆ ಬಿಸಿಲೆಂದರೆ ಗೊತ್ತೇ ಇದೆಯಲ್ಲ.

ಮುದ್ದೇಬಿಹಾಳದ ಪಾರ್ಲರಿನಲ್ಲಿ ಕಲಿತ ಹುಡುಗಿಯೊಬ್ಬಳು ಬ್ಲೀಚ್ ಡಬ್ಬಿ ತೆಗೆಯುತ್ತಾಳೆ. ಹೈಡ್ರೋಜನ್ ಪೆರಾಕ್ಸೈಡ್ ಕೂದಲ ಕಪ್ಪನ್ನು ಅಳಿಸುವುದು ನಿಜ, ಆದರೆ ಬೆವರಿನ ಜೊತೆ ಕಣ್ಣಿಗಿಳಿದರೆ ಸುಡುತ್ತದೆ. ಆದ್ದರಿಂದ ಅದನ್ನು ಬದಿಗಿಟ್ಟು ಅವಳೇ ಹುಬ್ಬಿನ ಪುಟ್ಟ ಬ್ರಷ್ ತೆಗೆದು, ಕಂದು ಬಣ್ಣದ ಬ್ರೋ ಜೆಲ್ ಬಾಚುತ್ತಾಳೆ: ಕಪ್ಪು ಕೂದಲ ಮೇಲೆ ತೆಳು ಕಂದು ಪದರ, ಸಂಜೆ ತೊಳೆದರೆ ಮತ್ತೆ ಮೊದಲಿನ ಹುಬ್ಬು. ಅದನ್ನೂ ಹಿಂದಿನ ದಿನವೇ ಕಿವಿಯ ಹಿಂದೆ ಸವರಿ ನೋಡಿದ್ದಾಳೆ, ತುರಿಕೆ ಬಂದಿಲ್ಲ. ಏನೇ ಕಣ್ಣಿಗೆ ಬಿದ್ದರೂ ತಿಕ್ಕದೆ, ತಿಳಿ ನೀರನ್ನು ಹದಿನೈದು ನಿಮಿಷ ಸುರಿದು, ತಾಲೂಕು ಆಸ್ಪತ್ರೆಗೆ ಹೋಗಬೇಕೆಂದು ಅವಳೇ ಚಿಕ್ಕವರಿಗೆ ಹೇಳಿಕೊಡುತ್ತಾಳೆ.