ವಿಡಿಯೊ ನಿಲ್ಲಿಸಿ ಚದುರಂಗ ಕಲಿತದ್ದು

ರಾತ್ರಿ ಊಟವಾಗಿ ಅಡುಗೆಮನೆಯ ದೀಪ ಆರಿದ ಮೇಲೆ ನನ್ನ ಚದುರಂಗದ ಪಾಠ ಶುರು. ಮೊಬೈಲನ್ನು ನೀರಿನ ತಂಬಿಗೆಗೆ ಒರಗಿಸಿಟ್ಟು ಕೂತೆನೆಂದರೆ ಗಂಟೆ ಹೋದದ್ದೇ ತಿಳಿಯುತ್ತಿರಲಿಲ್ಲ. ಒಬ್ಬರು ನೂರೈವತ್ತು ವರ್ಷ ಹಳೆಯ ಆಟವೊಂದನ್ನು ಕಥೆಯಂತೆ ಹೇಳುತ್ತಾರೆ, ಇನ್ನೊಬ್ಬರು ನಿನ್ನೆ ಮೊನ್ನೆಯ ಪಂದ್ಯ ಬಿಡಿಸಿ ತೋರಿಸುತ್ತಾರೆ. ಒಂದು ಮುಗಿಯುವಷ್ಟರಲ್ಲಿ ಮತ್ತೊಂದು ತಾನಾಗಿಯೇ ಬಂದು ನಿಲ್ಲುತ್ತದೆ. ಹೀಗೆ ಎರಡು ವರ್ಷ. ಲೆಕ್ಕ ಹಾಕಿದರೆ ಏಳುನೂರು ಗಂಟೆಗೆ ಕಡಿಮೆಯಿಲ್ಲ. ಅಷ್ಟು ಹೊತ್ತು ಸಂಗೀತದ ಪಾಠಕ್ಕೆ ಕೂತಿದ್ದರೆ ನಾಲ್ಕು ವರ್ಣವಾದರೂ ಬಾಯಿಗೆ ಬರುತ್ತಿತ್ತು ಎಂದು ಮನೆಯಾಕೆ ಹೇಳಿದ್ದು ಸುಳ್ಳಲ್ಲ.

ಈ ಎರಡು ವರ್ಷದಲ್ಲಿ ನಾನು ಗಳಿಸಿದ್ದು ಇಪ್ಪತ್ತನಾಲ್ಕು ಅಂಕ!

ಅಂಕವೆಂದರೆ ರೇಟಿಂಗ್. ಹಂಗೆರಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಅರ್ಪಾದ್ ಎಲೋ ಅವರು ಆಟಗಾರರ ಬಲವನ್ನು ಸಂಖ್ಯೆಯಲ್ಲಿ ಅಳೆಯಲು ಒಂದು ಲೆಕ್ಕಾಚಾರ ಮಾಡಿಕೊಟ್ಟರು. ವಿಶ್ವ ಚೆಸ್ ಸಂಸ್ಥೆ ಅದನ್ನು 1970ರಲ್ಲಿ ಒಪ್ಪಿಕೊಂಡಿತು. ಅದರದೇ ದಾಯಾದಿಗಳಂಥ ಲೆಕ್ಕಗಳು ಇಂದು ಅಂತರ್ಜಾಲದ ಆಟಕ್ಕೂ ಬಂದಿವೆ. ಗೆದ್ದರೆ ಅಂಕ ಏರುತ್ತದೆ, ಸೋತರೆ ಇಳಿಯುತ್ತದೆ. ಬಲಶಾಲಿಯನ್ನು ಸೋಲಿಸಿದರೆ ಹೆಚ್ಚು ಏರಿಕೆ, ದುರ್ಬಲನಿಗೆ ಸೋತರೆ ಹೆಚ್ಚು ಇಳಿಕೆ. ನಾನು ಆಡುವುದು ಲಿಚೆಸ್‌ನಲ್ಲಿ. ಫ್ರಾನ್ಸಿನ ಥಿಬೋ ಡುಪ್ಲೆಸಿ ಎಂಬವರು 2010ರಲ್ಲಿ ಶುರುಮಾಡಿದ ತಾಣ. ಶುಲ್ಕವಿಲ್ಲ, ಜಾಹೀರಾತಿಲ್ಲ, ನಡೆಯುವುದು ದಾನದ ಹಣದಲ್ಲಿ. ಅಲ್ಲಿ ಹೊಸಬರಿಗೆಲ್ಲ 1500 ಅಂಕ ಕೊಟ್ಟು, ಪಕ್ಕದಲ್ಲೊಂದು ಪ್ರಶ್ನಾರ್ಥಕ ಚಿಹ್ನೆ ಹಾಕಿರುತ್ತಾರೆ. ನನ್ನ ಚಿಹ್ನೆ ಅಳಿಸಿಹೋಗುವ ಹೊತ್ತಿಗೆ ಅಂಕ 1180ಕ್ಕೆ ಬಂದು ನಿಂತಿತ್ತು. ಎರಡು ವರ್ಷದ ವಿಡಿಯೊ ತಪಸ್ಸಿನ ನಂತರ 1204.

ಎಲ್ಲರಂತೆ ನಾನೂ ಆಟಕ್ಕೆ ಮರಳಿದ್ದು 2020ರ ಲಾಕ್‌ಡೌನ್‌ನಲ್ಲಿ. ಅದಕ್ಕೂ ಮೊದಲು ಆಡಿದ್ದು ಹುಡುಗನಾಗಿದ್ದಾಗ, ಅಜ್ಜನ ಮನೆಯ ಜಗಲಿಯಲ್ಲಿ. ಅಲ್ಲಿನ ನಿಯಮಗಳೇ ಬೇರೆ. ಕಾಲಾಳು ಮೊದಲ ಸಲವೂ ಒಂದೇ ಮನೆ ನಡೆಯಬೇಕು. ರಾಜನಿಗೆ ಒಮ್ಮೆ ಮಾತ್ರ ಕುದುರೆಯಂತೆ ಜಿಗಿಯುವ ಅವಕಾಶ. ಹಾಗಾಗಿ ಮೊಬೈಲಿನಲ್ಲಿ ಎದುರಾಳಿಯ ಕಾಲಾಳು ಪಕ್ಕದಿಂದ ಬಂದು, ಎರಡು ಮನೆ ಹಾರಿದ ನನ್ನ ಕಾಲಾಳನ್ನು ಓರೆಯಾಗಿ ತಿಂದಾಗ ಕಂಪ್ಯೂಟರೇ ಮೋಸ ಮಾಡಿತೆಂದು ಫೋನು ಕುಟ್ಟಿದ್ದೆ! ಅದು ನಿಯಮವೇ ಎಂದು ತಿಳಿದದ್ದು ವಿಡಿಯೊದಿಂದ. ಆ ಋಣ ಇದೆ. ವಿಡಿಯೊದವರು ಬಿಷಪ್ ಎಂದಾಗಲೆಲ್ಲ ನನ್ನ ತಲೆಯಲ್ಲಿ ಒಂಟೆಯೇ ನಡೆಯುವುದು ಬೇರೆ ಮಾತು.

ಅಂಕ ಏರದಿದ್ದಾಗ ಸಮಾಧಾನ ಮಾಡಿಕೊಳ್ಳಲು ಒಂದು ಕಾರಣ ಸಿದ್ಧವಾಗಿತ್ತು: ವಯಸ್ಸಾಯಿತು. ಐವತ್ತೆರಡಕ್ಕೆ ಹೊಸತು ತಲೆಗೆ ಹತ್ತುವುದಿಲ್ಲ. ಹೊರಗೆ ತಮಾಷೆಯಾಗಿ ಹೇಳುತ್ತಿದ್ದೆನಾದರೂ ಒಳಗೆ ಅದೊಂದು ಸಣ್ಣ ಹೆದರಿಕೆ. ನಮ್ಮ ತಂದೆ ಕೊನೆಗಾಲದಲ್ಲಿ ಮನೆಯವರ ಹೆಸರುಗಳನ್ನು ಒಂದೊಂದಾಗಿ ಮರೆತಿದ್ದರು. ನೆನ್ನೆ ನೋಡಿದ ಆಟ ಇಂದು ನೆನಪಾಗದಿದ್ದರೆ ನನಗೆ ಚದುರಂಗಕ್ಕಿಂತ ಬೇರೆಯದೇ ಯೋಚನೆ ಬರುತ್ತಿತ್ತು.

ಅಂಗೈ ಅಡ್ಡ ಬಂತು

ಒಂದು ದೀಪಾವಳಿಗೆ ಅಕ್ಕನ ಮಗಳು ಬಂದಳು. ಡಿಗ್ರಿ ಓದುವ ಹುಡುಗಿ, ಕಾಲೇಜಿನ ಚೆಸ್ ತಂಡದಲ್ಲಿದ್ದಾಳೆ. ರಾತ್ರಿ ನಾನು ವಿಡಿಯೊ ನೋಡುತ್ತಿದ್ದಾಗ ಪಕ್ಕದಲ್ಲಿ ಬಂದು ಕೂತಳು. ಅಂದು ಓಡುತ್ತಿದ್ದದ್ದು ಪಾಲ್ ಮಾರ್ಫಿಯ ಹೆಸರಾಂತ ಆಟ. 1858ರಲ್ಲಿ ಪ್ಯಾರಿಸ್ಸಿನ ಒಪೆರಾ ಮಂದಿರದಲ್ಲಿ, ನ್ಯೂ ಆರ್ಲಿಯನ್ಸ್‌ನ ಈ ಇಪ್ಪತ್ತೊಂದರ ತರುಣ ಬ್ರನ್ಸ್‌ವಿಕ್‌ನ ಡ್ಯೂಕ್ ಮತ್ತು ಕೌಂಟ್ ಇಸ್ವಾರ್ ಇಬ್ಬರನ್ನೂ ಎದುರು ಹಾಕಿಕೊಂಡು ಹದಿನೇಳೇ ನಡೆಗಳಲ್ಲಿ ಮುಗಿಸಿದ ಆಟ. ಬೇರೆ ಬೇರೆಯವರ ಬಾಯಲ್ಲಿ ಅದನ್ನು ಐದು ಸಲವಾದರೂ ಕೇಳಿದ್ದೆ.

"ಇದು ನನಗೆ ಬಾಯಿಪಾಠ," ಎಂದೆ.

ಅವಳು ತಟ್ಟನೆ ಪರದೆಗೆ ಅಂಗೈ ಅಡ್ಡ ಹಿಡಿದು ವಿಡಿಯೊ ನಿಲ್ಲಿಸಿದಳು. "ಹಾಗಾದ್ರೆ ಹೇಳಿ ಮಾವ. ಏಳು ನಡೆ ಆಯ್ತು. ಈಗ ಬಿಳಿಯ ಎಂಟನೇ ನಡೆ ಯಾವುದು?"

ಬಿಳಿಯ ಮಂತ್ರಿ ಆಗಷ್ಟೇ ಬಂದು ಏಕಕಾಲಕ್ಕೆ ಎರಡು ಕಾಲಾಳುಗಳ ಮೇಲೆ ಕಣ್ಣಿಟ್ಟಿದೆ. ಒಂದು ಕಪ್ಪು ರಾಜನ ಮಗ್ಗುಲಲ್ಲಿದೆ, ಇನ್ನೊಂದು ಮಂತ್ರಿಯ ಪಾರ್ಶ್ವದಲ್ಲಿ. ಕಪ್ಪಿನವರು ರಾಜನ ಮಗ್ಗುಲಿನದನ್ನು ಕಾಪಾಡಿದರು, ಇನ್ನೊಂದು ಪುಕ್ಕಟೆ ಸಿಗುವಂತಿದೆ. "ಅದನ್ನು ತಿನ್ನೋದು, ಇನ್ನೇನು?" ಎಂದೆ.

ಅವಳು ಕೈ ತೆಗೆದಳು. ಮಾರ್ಫಿ ತಿನ್ನಲಿಲ್ಲ. ಸುಮ್ಮನೆ ತನ್ನ ಇನ್ನೊಂದು ಕುದುರೆಯನ್ನು ಲಾಯದಿಂದ ಹೊರಗೆ ತಂದ.

ತಿಂದಿದ್ದರೆ ತಪ್ಪೇನೂ ಆಗುತ್ತಿರಲಿಲ್ಲ. ಕಪ್ಪು ಮಂತ್ರಿ ಮುಂದೆ ಬಂದು ಚೆಕ್ ಕೊಟ್ಟು ಮಂತ್ರಿಗಳ ವಿನಿಮಯಕ್ಕೆ ಒತ್ತಾಯಿಸುತ್ತಿತ್ತು. ಬಿಳಿಗೆ ಒಂದು ಕಾಲಾಳಿನ ಲಾಭ ಉಳಿದು ಆಟ ನಿಧಾನಕ್ಕೆ ಸಾಗುತ್ತಿತ್ತು. ಮಾರ್ಫಿಗೆ ಬೇಕಾಗಿದ್ದದ್ದು ಅದಲ್ಲ. ಎದುರಾಳಿಯ ಕಾಯಿಗಳು ಇನ್ನೂ ಮನೆಯಲ್ಲೇ ಮಲಗಿರುವಾಗ ತನ್ನ ಪ್ರತಿಯೊಂದು ಕಾಯಿಯನ್ನೂ ಕೆಲಸಕ್ಕೆ ಹಚ್ಚುವುದು ಅವನ ಲೆಕ್ಕ. ಮುಂದಿನದು ಎಲ್ಲರಿಗೂ ಗೊತ್ತಿರುವುದೇ. ಹತ್ತನೇ ನಡೆಯಲ್ಲಿ ಕುದುರೆ ಕೊಟ್ಟ, ಹದಿಮೂರನೆಯದರಲ್ಲಿ ಆನೆ ಕೊಟ್ಟ, ಹದಿನಾರನೆಯದರಲ್ಲಿ ಮಂತ್ರಿಯನ್ನೇ ಕೊಟ್ಟು, ಉಳಿದ ಒಂದು ಆನೆ ಒಂದು ಒಂಟೆಯಿಂದ ಹದಿನೇಳರಲ್ಲಿ ಶಹಮಾತ್. ಆಟ ಮುಗಿದಾಗ ಕಪ್ಪು ರಾಜನ ಕಡೆಯ ಆನೆ, ಒಂಟೆ ಎರಡೂ ಹೊರಟ ಜಾಗ ಬಿಟ್ಟು ಕದಲಿರಲಿಲ್ಲ.

ಕೊನೆಯ ಆ ಮೂರು ಬಲಿದಾನಗಳೇ ನನಗೆ ನೆನಪಿದ್ದದ್ದು. ಅವನ್ನು ಸಾಧ್ಯವಾಗಿಸಿದ ಎಂಟನೇ ನಡೆ ಐದು ಸಲ ಕಣ್ಣ ಮುಂದೆ ಹಾದು ಹೋಗಿತ್ತು, ತಲೆಯೊಳಗೆ ಹೋಗಿರಲಿಲ್ಲ. ಹೋಗುವುದಾದರೂ ಹೇಗೆ? ನಾನು ಅದನ್ನು ಕೇಳಿಕೊಂಡಿರಲೇ ಇಲ್ಲ.

"ನೀವು ನೋಡ್ತಿರೋದು ಯಕ್ಷಗಾನ ಮಾವ," ಎಂದಳು ಹುಡುಗಿ. ರಾತ್ರಿಯಿಡೀ ಬಯಲಾಟ ನೋಡಿದವರಿಗೆಲ್ಲ ಕುಣಿತ ಬರುವುದಿದ್ದರೆ ಕರಾವಳಿಯಲ್ಲಿ ಮೇಳಗಳಿಗೆ ವೇಷಧಾರಿಗಳ ಕೊರತೆಯೇ ಇರುತ್ತಿರಲಿಲ್ಲ, ಅಲ್ಲವೇ?

ಇಪ್ಪತ್ತು ಸಲ ನೋಡಿದರೂ...

ಇದು ನನ್ನೊಬ್ಬನ ದಡ್ಡತನವಲ್ಲ ಎಂದು ಗೊತ್ತಾದದ್ದು ಆಮೇಲೆ. ಷಿಕಾಗೊ ವಿಶ್ವವಿದ್ಯಾಲಯದ ಮೈಕೇಲ್ ಕಾರ್ಡಸ್ ಮತ್ತು ಎಡ್ ಓಬ್ರಿಯನ್ 2018ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಡಾರ್ಟ್ ಎಸೆಯುವುದು, ಮೈಕೇಲ್ ಜಾಕ್ಸನ್ ಪ್ರಸಿದ್ಧಗೊಳಿಸಿದ ಹಿಮ್ಮುಖ ಜಾರುನಡಿಗೆ, ಇಂಥವುಗಳ ವಿಡಿಯೊಗಳನ್ನು ಕೆಲವರಿಗೆ ಒಂದು ಸಲ, ಕೆಲವರಿಗೆ ಇಪ್ಪತ್ತು ಸಲ ತೋರಿಸಿದರು. ಇಪ್ಪತ್ತು ಸಲ ನೋಡಿದವರಿಗೆ ತಾವೂ ಮಾಡಬಲ್ಲೆವೆಂಬ ಭರವಸೆ ಹೆಚ್ಚು. ಮಾಡಿ ತೋರಿಸಿ ಎಂದಾಗ ಮಾತ್ರ ಒಂದು ಸಲ ನೋಡಿದವರಿಗಿಂತ ಇವರೇನೂ ಮೇಲಾಗಿರಲಿಲ್ಲ. ನೋಡುತ್ತ ಹೋದಂತೆ ಬೆಳೆದದ್ದು ಭರವಸೆ ಮಾತ್ರ.

ನನ್ನ ಹೆದರಿಕೆಗೂ ಒಂದು ಉತ್ತರ ಸಿಕ್ಕಿತು, ಇನ್ನೂ ಹಳೆಯ ಅಧ್ಯಯನದಲ್ಲಿ. 1973ರಲ್ಲಿ ಅಮೆರಿಕದ ವಿಲಿಯಂ ಚೇಸ್ ಮತ್ತು ಹರ್ಬರ್ಟ್ ಸೈಮನ್ ನುರಿತ ಆಟಗಾರನಿಗೂ ಹೊಸಬನಿಗೂ ನಿಜವಾದ ಆಟವೊಂದರ ನಡುಘಟ್ಟವನ್ನು ಐದು ಸೆಕೆಂಡು ತೋರಿಸಿ, ಅದನ್ನು ಮತ್ತೆ ಜೋಡಿಸಲು ಹೇಳಿದರು. ನುರಿತವನು ಬಹುಪಾಲು ಸರಿಯಾಗಿ ಜೋಡಿಸಿದ. ಅದೇ ಕಾಯಿಗಳನ್ನು ಅಡ್ಡಾದಿಡ್ಡಿ ಚೆಲ್ಲಿ ತೋರಿಸಿದಾಗ ಅವನ ಮೇಲುಗೈ ಕರಗಿಹೋಯಿತು. ಅಂದರೆ ಅವನದು ದೈತ್ಯ ಜ್ಞಾಪಕಶಕ್ತಿಯಲ್ಲ. ಸಾವಿರಾರು ಆಟಗಳಲ್ಲಿ ಎದುರಿಸಿದ ವಿನ್ಯಾಸಗಳ ಗುರುತು. ಹಳ್ಳಿಯ ಅಂಚೆಯಣ್ಣ ಮನೆಗಳನ್ನು ಗುರುತು ಹಿಡಿದಂತೆ. ನಡೆದು ಹೋದ ಬೀದಿ ನೆನಪಿರುತ್ತದೆ, ಬಸ್ಸಿನ ಕಿಟಕಿಯಿಂದ ಕಂಡದ್ದು ಇರುವುದಿಲ್ಲ. ನಾನು ಎರಡು ವರ್ಷ ಬಸ್ಸಿನಲ್ಲಿದ್ದೆ.

ವಿಶ್ವನಾಥನ್ ಆನಂದ್ ಬಾಲ್ಯದ ಕಥೆ ಕೆಲವರಿಗೆ ಗೊತ್ತಿರಬಹುದು. ತಂದೆ ರೈಲ್ವೆಯವರು, ಕೆಲಸದ ಮೇಲೆ ಸಂಸಾರ ಸಮೇತ ಫಿಲಿಪ್ಪೀನ್ಸ್‌ಗೆ ಹೋಗಿದ್ದರು. ಅದು 1970ರ ದಶಕದ ಕೊನೆ. ಮನಿಲಾದ ಟಿವಿಯಲ್ಲಿ ಮಧ್ಯಾಹ್ನ ಚೆಸ್ ಕಾರ್ಯಕ್ರಮ. ಹುಡುಗ ಆಗ ಶಾಲೆಯಲ್ಲಿ. ತಾಯಿ ಸುಶೀಲಾ ಅವರು ಟಿವಿ ಮುಂದೆ ಕೂತು ಆ ದಿನದ ಆಟಗಳನ್ನೂ ಸಮಸ್ಯೆಯನ್ನೂ ಕಾಗದದಲ್ಲಿ ಬರೆದಿಡುತ್ತಿದ್ದರು. ಸಂಜೆ ಮಗ ಬಂದ ಮೇಲೆ ಇಬ್ಬರೂ ಕೂತು ಬಿಡಿಸಿ, ಉತ್ತರ ಬರೆದು ಕಳಿಸುತ್ತಿದ್ದರು. ಬಹುಮಾನ ಚೆಸ್ ಪುಸ್ತಕ. ಹುಡುಗ ಎಷ್ಟು ಸಲ ಗೆದ್ದನೆಂದರೆ, ಬೇಕಾದಷ್ಟು ಪುಸ್ತಕ ಒಯ್ದುಬಿಡು, ಇನ್ನು ಉತ್ತರ ಮಾತ್ರ ಕಳಿಸಬೇಡ ಎಂದರಂತೆ! ನನಗೆ ಈ ಕಥೆಯಲ್ಲಿ ಈಗ ಬೇರೊಂದೇ ಕಾಣುತ್ತದೆ. ಆನಂದ್ ಆ ಕಾರ್ಯಕ್ರಮ ನೋಡಿದ್ದೇ ಕಡಿಮೆ. ಅವರಿಗೆ ಸಿಕ್ಕಿದ್ದು ಉತ್ತರವಿಲ್ಲದ ಪ್ರಶ್ನೆ ಮತ್ತು ಇಡೀ ಒಂದು ಸಂಜೆ.

ಹಳಬರಿಗೆ ಇದು ಗೊತ್ತಿತ್ತು. ಪುಸ್ತಕದ ಪುಟದ ಮೇಲೆ ಕಾಗದದ ಪಟ್ಟಿಯಿಟ್ಟು, ಒಂದೊಂದೇ ಸಾಲು ಕೆಳಗೆ ಸರಿಸುತ್ತ, ಮುಂದಿನ ನಡೆ ಊಹಿಸಿ ಕಲಿತವರು ಅವರು. ಅಮೆರಿಕದ 'ಚೆಸ್ ಲೈಫ್' ಪತ್ರಿಕೆಯಲ್ಲಿ ಬ್ರೂಸ್ ಪಾಂಡೊಲ್ಫಿನಿ ಇದನ್ನೇ ಅಂಕಣವಾಗಿ ನಡೆಸಿದ್ದರು. ಊಹೆ ಸರಿಯಾದರೆ ಇಷ್ಟು ಅಂಕ ಎಂದು. ವಿಡಿಯೊದವರೂ ಹೇಳುತ್ತಾರೆ. ಅಗಾಡ್ಮೇಟರ್ ಎಂಬ ಹೆಸರಿನಲ್ಲಿ ಪ್ರಸಿದ್ಧರಾದ ಕ್ರೊಯೇಷಿಯಾದ ಆಂಟೋನಿಯೊ ರಾಡಿಚ್ ಕಠಿಣ ಘಟ್ಟ ಬಂದಾಗ ವಿಡಿಯೊ ನಿಲ್ಲಿಸಿ ಯೋಚಿಸಿ ಎನ್ನುತ್ತಾರೆ. ನಿಲ್ಲಿಸುವವರಾರು! ಆ ಎರಡು ಕ್ಷಣ ಚಹಾ ಗುಟುಕರಿಸಲು ಸರಿಹೋಗುತ್ತದೆ.

ಉದ್ದನೆಯ ನೋಟ್‌ಬುಕ್

ಹಬ್ಬ ಮುಗಿಸಿ ಹೊರಡುವ ಮುನ್ನ ಹುಡುಗಿ ಒಂದು ಕಟ್ಟಳೆ ಹಾಕಿ ಹೋದಳು. ದಿನಕ್ಕೆ ಒಂದೇ ಆಟ. ಮರದ ಮಣೆಯ ಮೇಲೆ ಕಾಯಿ ಜೋಡಿಸಿಕೊಳ್ಳಬೇಕು. ಒಂದು ಬಣ್ಣದ ಪಕ್ಷ ವಹಿಸಿ, ಪ್ರತಿ ನಡೆಗೆ ಮುನ್ನ ವಿಡಿಯೊ ನಿಲ್ಲಿಸಿ, ನನ್ನ ನಡೆಯನ್ನೂ ಅದಕ್ಕೆ ಕಾರಣವನ್ನೂ ಒಂದು ಸಾಲಿನಲ್ಲಿ ಬರೆಯಬೇಕು. ಆಮೇಲೆ ಮುಂದಕ್ಕೆ. ಮೊದಲ ರಾತ್ರಿ ಹದಿನೆಂಟು ನಿಮಿಷದ ವಿಡಿಯೊಗೆ ಒಂದೂಮುಕ್ಕಾಲು ಗಂಟೆ ಹಿಡಿಯಿತು. ತಲೆ ಭಾರವಾಯಿತು. ಮೂವತ್ತೊಂದು ನಡೆಗಳಲ್ಲಿ ನಾಲ್ಕು ಸರಿ! ಹೇಳಿಕೊಳ್ಳಲು ನಾಚಿಕೆಯಾಗುವಂಥ ಅಂಕ.

ಯಾವ ಆಟ ಎಂಬುದೂ ಮುಖ್ಯ. ಈಗಿನ ವಿಶ್ವ ಚಾಂಪಿಯನ್ನರ ಪಂದ್ಯಗಳನ್ನು ಊಹಿಸಲು ಹೋಗುವುದು ಅಕ್ಷರಾಭ್ಯಾಸದ ದಿನವೇ ಪಂಪನನ್ನು ಓದಲು ಕೂತಂತೆ. ಒಂದು ಯೋಜನೆ ಸ್ಪಷ್ಟವಾಗಿ ಕಾಣುವ ಹಳೆಯ ಆಟಗಳು ನಮ್ಮಂಥವರಿಗೆ ಒಳ್ಳೆಯದು. ನನಗೆ ಹಿಡಿಸಿದ್ದು 1924ರಲ್ಲಿ ನ್ಯೂಯಾರ್ಕಿನಲ್ಲಿ ಕ್ಯಾಪಬ್ಲಾಂಕ ಟಾರ್ಟಕೋವರ್ ವಿರುದ್ಧ ಆಡಿದ್ದು. ಆಟದ ಕೊನೆಯ ಭಾಗ, ಎರಡೂ ಕಡೆ ಒಂದೊಂದು ಆನೆ ಮತ್ತು ಒಂದಿಷ್ಟು ಕಾಲಾಳು. ನಾನು ನನ್ನ ಕಾಲಾಳುಗಳ ಕಾವಲಿಗೆ ಆನೆಯನ್ನು ಹಿಂದಕ್ಕೆ ತರಬೇಕೆಂದು ಬರೆದಿದ್ದೆ. ಕ್ಯಾಪಬ್ಲಾಂಕ ಎರಡು ಕಾಲಾಳುಗಳನ್ನು, ಅದೂ ಚೆಕ್ ಸಮೇತ, ಎದುರಾಳಿಗೆ ಬಿಟ್ಟುಕೊಟ್ಟು ತನ್ನ ರಾಜನನ್ನು ಶತ್ರುವಿನ ಊರಿನೊಳಕ್ಕೇ ನಡೆಸಿದ. ಅಲ್ಲಿ ತಿನ್ನಲು ಸಿಕ್ಕ ಕಪ್ಪು ಕಾಲಾಳನ್ನೂ ತಿನ್ನದೆ ಅದರ ಮರೆಯಲ್ಲೇ ನಿಂತ. ಕಪ್ಪು ಆನೆಯ ಚೆಕ್‌ಗಳಿಂದ ಬಿಳಿ ರಾಜನಿಗೆ ಅದೇ ಕೊಡೆ. ಮಣೆಯ ಮುಂದೆ ಅರ್ಧ ಗಂಟೆ ಕೂತು ತಪ್ಪು ಉತ್ತರ ಬರೆದ ಮೇಲೆ ಆ ನಡೆ ಕಂಡಾಗ ಆದ ಸುಖ, ತಂಬಿಗೆಗೆ ಒರಗಿಸಿದ ಮೊಬೈಲಿನಲ್ಲಿ ಎಂದೂ ಆಗಿರಲಿಲ್ಲ.

ಇನ್ನೊಂದು ಬಗೆಯ ವಿಡಿಯೊ ಇದೆ, 'ಸ್ಪೀಡ್‌ರನ್' ಎನ್ನುತ್ತಾರೆ. ಗ್ರ್ಯಾಂಡ್‌ಮಾಸ್ಟರ್ ಒಬ್ಬರು ಹೊಸ ಖಾತೆ ತೆರೆದು ಕೆಳಗಿನ ಮೆಟ್ಟಿಲಿನಿಂದ ಆಡುತ್ತ, ಬಾಯಿಬಿಟ್ಟು ಯೋಚಿಸುತ್ತ ಮೇಲೇರುತ್ತಾರೆ. ಎದುರಿಗಿರುವವರು ನಮ್ಮಂಥವರೇ, ಅವರು ಮಾಡುವ ತಪ್ಪುಗಳೂ ನಮ್ಮವೇ. ಇದರಲ್ಲಿ ಅಮೆರಿಕದ ಡೇನಿಯಲ್ ನರೊಡಿಟ್ಸ್ಕಿ ಅವರನ್ನು ಮೀರಿಸಿದವರನ್ನು ನಾನು ಕಂಡಿಲ್ಲ. ಸೋತ ಎದುರಾಳಿಯನ್ನು ಹೀಯಾಳಿಸದೆ, ಆ ತಪ್ಪು ಏಕೆ ಸಹಜವಾಗಿತ್ತು ಎಂದು ಬಿಡಿಸಿ ಹೇಳುವ ಮೇಷ್ಟ್ರು. 2025ರ ಅಕ್ಟೋಬರ್‌ನಲ್ಲಿ, ಇನ್ನೂ ಇಪ್ಪತ್ತೊಂಬತ್ತಕ್ಕೇ ತೀರಿಕೊಂಡರು. ಮುಖ ಕಂಡಿರದ ಗುರುವಿನ ಸಾವಿಗೂ ಮನೆಯಲ್ಲಿ ಒಂದು ಹೊತ್ತು ಮಂಕು ಕವಿಯುತ್ತದೆಂದು ಅಂದು ತಿಳಿಯಿತು. ವಿಡಿಯೊಗಳು ಉಳಿದಿವೆ.

ಜಾನ್ ಬಾರ್ಥೊಲೊಮ್ಯೂ ಅವರ ಪಾಠಮಾಲೆಯ ಮೊದಲ ವಿಷಯ ಕಾವಲಿಲ್ಲದ ಕಾಯಿಗಳು. ಅದನ್ನು ನೋಡಿ ನನ್ನದೇ ಮೂವತ್ತು ಸೋಲುಗಳನ್ನು ತೆರೆದು ಕೂತೆ. ಕಂಪ್ಯೂಟರಿನ ವಿಶ್ಲೇಷಣೆ ಮುಟ್ಟದೆ. ಹತ್ತೊಂಬತ್ತರಲ್ಲಿ ಕಾರಣ ಒಂದೇ. ಎಲ್ಲೋ ಮೂಲೆಯಲ್ಲಿ ಅನಾಥವಾಗಿ ನಿಂತ ನನ್ನ ಒಂಟೆಯೋ ಕುದುರೆಯೋ ಎದುರಾಳಿಯ ಬಾಯಿಗೆ ಬಿದ್ದಿತ್ತು. ಮಾರ್ಫಿಯ ಬಲಿದಾನಗಳನ್ನು ಮೆಚ್ಚುತ್ತ ಕೂತವನು ನಿತ್ಯ ಪುಕ್ಕಟೆ ದಾನ ಮಾಡುತ್ತಿದ್ದೆ.

ಮೂರು ನಿಮಿಷದ ಆಟ ಬಿಟ್ಟೆ. ಬಿಡುವುದು ಸುಲಭವಾಗಿರಲಿಲ್ಲ, ಸೋತೊಡನೆ ಇನ್ನೊಂದು, ಅದೂ ಸೋತರೆ ಮತ್ತೊಂದು, ಗಂಟೆ ಒಂದಾದರೂ ಬೆರಳು ನಿಲ್ಲುತ್ತಿರಲಿಲ್ಲ. ಈಗ ಹದಿನೈದು ನಿಮಿಷದ್ದು, ದಿನಕ್ಕೊಂದು. ನೋಟ್‌ಬುಕ್ ಹಿಡಿದು ಎಂಟು ತಿಂಗಳಾಯಿತು. ಅಂಕ 1390. ಇದೇನು ಮಹಾ ಎಂದು ಕಾಲೇಜಿನ ಹುಡುಗರು ನಗಬಹುದು. ನನಗೆ ಮಾತ್ರ, ಐವತ್ತೆರಡರ ತಲೆಗೂ ಹೊಸತು ಹತ್ತುತ್ತದೆಂಬುದಕ್ಕೆ ಸಿಕ್ಕ ರಸೀದಿ ಅದು.

ನಿನ್ನೆ ರಾತ್ರಿ ಇಪ್ಪತ್ತಾರು ನಡೆಗಳ ಒಂದು ಆಟದಲ್ಲಿ ಹನ್ನೆರಡನ್ನು ಸರಿಯಾಗಿ ಊಹಿಸಿದ್ದೆ. ನೋಟ್‌ಬುಕ್ಕಿನ ಆ ಪುಟದ ಫೋಟೊ ತೆಗೆದು ಅಕ್ಕನ ಮಗಳಿಗೆ ವಾಟ್ಸ್ಯಾಪ್ ಮಾಡಿದೆ. ಶಹಬ್ಬಾಸ್ ಎನ್ನುತ್ತಾಳೆಂದುಕೊಂಡಿದ್ದೆ. ಬೆಳಿಗ್ಗೆ ಉತ್ತರ ಬಂದಿತ್ತು: "ಒಂಬತ್ತನೇ ನಡೆಗೆ ಕಾರಣ ಬರೆದಿಲ್ಲ ಮಾವ. ಅದನ್ನ ಎಣಿಸೋ ಹಾಗಿಲ್ಲ."